ಬೇಸಿಗೆ ಮೈಸೂರು, ಬಾಡಿಗೆ ಸೈಕಲ್

ಶಾಲೆಗಳಿಗೆ ರಜೆ ಸಿಕ್ಕ ಕೂಡಲೇ ಮೈಸೂರಿಗೆ ಹೊರಡುವವರಲ್ಲಿ ಸೈಕಲ್ ಮೇಲೆ ಊರು ನೋಡಬೇಕೆನ್ನುವವರೂ ಇದ್ದಾರೆ. ಏಪ್ರಿಲ್–ಮೇ ಬಿಸಿಲು, ಬಸ್ಸುಗಳು, ಸರ್ಕಲ್‌ಗಳು, ಬಾಡಿಗೆ ಸೈಕಲ್ಲಿನ ಬ್ರೇಕು, ಬೆಟ್ಟದ ತಿರುವು ಇವುಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ನಾವು ಗಂಡ–ಹೆಂಡತಿ ಇಬ್ಬರೇ. ಒಂದು ಭಾನುವಾರ ಪೂರ್ತಿ ಮೈಸೂರಿಗೆಂದೇ ಇಟ್ಟಿದ್ದೇವೆ. ಬೆಳಿಗ್ಗೆ ಒಂಬತ್ತಕ್ಕೆ ಸೈಕಲ್ ಹತ್ತಿ ಸಂಜೆ ಆರಕ್ಕೆ ಇಳಿದರೆ ಮುಖ್ಯವಾದದ್ದೆಲ್ಲ ನೋಡಬಹುದೇ? (ಶಿವಮೊಗ್ಗ)

ಉತ್ತರ: ನೋಡುವ ಆಸೆ ಸರಿ, ಗಡಿಯಾರ ತಪ್ಪು. ನೀವು ಸೈಕಲ್ ಹತ್ತಬೇಕೆಂದಿರುವ ಹೊತ್ತು ಅದನ್ನು ಇಳಿಯಬೇಕಾದ ಹೊತ್ತು. ಏಪ್ರಿಲ್ ಕೊನೆಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು 6 ಗಂಟೆ ದಾಟಿ ಐದು ನಿಮಿಷದ ಸುಮಾರಿಗೆ, ಮುಳುಗುವುದು 6.35ರ ಸುಮಾರಿಗೆ. ಬೆಳಿಗ್ಗೆ 6ರಿಂದ 9, ಸಂಜೆ 4.30ರಿಂದ 6.30: ಸೈಕಲ್ಲಿಗೆ ಇರುವುದು ಈ ಐದು ಗಂಟೆ. ಊರೊಳಗೆ ನಿಂತು ನೋಡಿಕೊಂಡು ಹೋದರೆ ಗಂಟೆಗೆ ಎಂಟು–ಹತ್ತು ಕಿಲೋಮೀಟರ್ ಸಾಗುತ್ತದೆ. ಮೈಸೂರಿನ ಹಳೆಯ ಊರಿಗೆ ಅಷ್ಟು ಧಾರಾಳ ಸಾಕು, ಏಕೆಂದರೆ ನೋಡಬೇಕಾದ ಕಟ್ಟಡಗಳೆಲ್ಲ ಅರಮನೆಯಿಂದ ಎರಡು–ಮೂರು ಕಿಲೋಮೀಟರ್ ಒಳಗೇ ಇವೆ.

ಬೆಳಗಿನ ಸುತ್ತು ಹೀಗಿರಲಿ. ದೊಡ್ಡ ಗಡಿಯಾರದಿಂದ ಹೊರಟು ಚಾಮರಾಜ ವೃತ್ತ, ಕೆ.ಆರ್. ಸರ್ಕಲ್ ದಾಟಿ ಚಿಕ್ಕ ಗಡಿಯಾರದ ಬಳಿ ನಿಲ್ಲಿ. ಅದಕ್ಕೆ ಅಂಟಿಕೊಂಡೇ ದೇವರಾಜ ಮಾರುಕಟ್ಟೆ. ಅದರ ಓಣಿಗಳು ಸೈಕಲ್ ತಳ್ಳಿಕೊಂಡು ಹೋಗುವಷ್ಟೂ ಅಗಲವಿಲ್ಲ; ಹೊರಗೆ ಬೀಗ ಹಾಕಿ ನಡೆದೇ ಒಳಹೋಗಿ. ಹೂವಿನ ಸಾಲು ನೋಡಬೇಕಾದರೆ ಹೊತ್ತೇರುವ ಮುಂಚೆಯೇ ನೋಡಬೇಕು. ಆಮೇಲೆ ಸಯ್ಯಾಜಿರಾವ್ ರಸ್ತೆಯಲ್ಲಿ ಉತ್ತರಕ್ಕೆ. ದಸರೆಯಲ್ಲಿ ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗುವ ದಾರಿ ಇದೇ. ಇರ್ವಿನ್ ರಸ್ತೆಗೆ ಬಲಕ್ಕೆ ಹೊರಳಿ ಅಶೋಕ ರಸ್ತೆ ಸೇರಿ, ಅಲ್ಲಿಂದ ಎಡಕ್ಕೆ ಹೋದರೆ ಸಂತ ಫಿಲೋಮಿನಾ ಚರ್ಚು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು. ಜೋಡಿ ಗೋಪುರಗಳ ಎತ್ತರ 175 ಅಡಿ. ಭಾನುವಾರ ಬೆಳಿಗ್ಗೆ ಪೂಜೆ ನಡೆಯುವುದರಿಂದ ಹೊರಗಿನಿಂದ ನೋಡಿ ಬನ್ನಿ. ಈ ಪೇಟೆಯಲ್ಲಿ ಕೆಲವು ರಸ್ತೆಗಳು ಏಕಮುಖ. ಫಲಕ ಸೈಕಲ್ಲಿಗೂ ಅನ್ವಯಿಸುತ್ತದೆ, ಎದುರಿನಿಂದ ಬರುವ ಆಟೋದವರು ಅದನ್ನು ನೆನಪಿಸದೆ ಬಿಡುವುದಿಲ್ಲ.

ತಿಂಡಿ ಮುಗಿಸಿ ಉಳಿದ ಒಂದು ಗಂಟೆಯನ್ನು ಕೃಷ್ಣರಾಜ ಬುಲೆವಾರ್ಡ್ ಕಡೆ ಕಳೆಯಿರಿ. ಮರಗಳ ನಡುವಿನ ಈ ದಾರಿಯಲ್ಲಿ ಮಹಾರಾಜ ಕಾಲೇಜು ಇದೆ, ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಾಶಾಸ್ತ್ರಿಗಳು ಈ ಸಂಸ್ಥೆಯವರೇ. ಬಹಳಷ್ಟು ಪ್ರವಾಸಿಗರು ಈ ಭಾಗಕ್ಕೆ ಬರುವುದೇ ಇಲ್ಲ. ಸೈಕಲ್ಲಿನವರಿಗೆ ನಮ್ಮ ಪಾಲಿಗೆ ಊರಿನ ಅತ್ಯುತ್ತಮ ರಸ್ತೆ ಇದು.

10 ಗಂಟೆಗೆ ಅರಮನೆ ತೆರೆಯುತ್ತದೆ. ಆ ಹೊತ್ತಿಗೆ ಸೈಕಲ್ ಬಿಟ್ಟು ಒಳಗಿರಿ. ಚಪ್ಪಲಿ ಹೊರಗೇ ಬಿಡಬೇಕು, ಅಂಗಳದ ಕಲ್ಲು 12ರ ಹೊತ್ತಿಗೆ ಬರಿಗಾಲನ್ನು ಸುಡುತ್ತದೆ. ಕಾಲುಚೀಲ ಜೇಬಿನಲ್ಲಿದ್ದರೆ ಉಪಯೋಗಕ್ಕೆ ಬರುತ್ತದೆ. ಊಟವಾದ ಮೇಲೆ ಕೋಣೆಯಲ್ಲಿ ಮಲಗಿ, ಅಥವಾ ಮರದ ನೆರಳಿರುವ ಮೃಗಾಲಯಕ್ಕೆ ಹೋಗಿ (ಮಂಗಳವಾರ ಅದಕ್ಕೆ ರಜೆ). ಸಂಜೆ ಕಾರಂಜಿ ಕೆರೆ, ಲಲಿತಮಹಲ್ ರಸ್ತೆ. ಭಾನುವಾರವಾದ್ದರಿಂದ 7ರ ಸುಮಾರಿಗೆ ಅರಮನೆಯ ದೀಪ ಹತ್ತುತ್ತದೆ. ಅದನ್ನು ನೋಡಿ ಸೈಕಲ್ಲಿನಲ್ಲಿ ಮರಳುವುದಾದರೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲೇಬೇಕು. ಜನ ಒಟ್ಟಿಗೆ ಹೊರಬೀಳುವ ಹದಿನೈದು ನಿಮಿಷ ಅರಮನೆಯ ಸುತ್ತಲಿನ ರಸ್ತೆಗಳಲ್ಲಿ ಸೈಕಲ್ ತುಳಿಯಲಾಗುವುದಿಲ್ಲ. ದೀಪ ಆರುವ ಮೊದಲೇ ಹೊರಡಿ, ಇಲ್ಲವೇ ಅರ್ಧ ಗಂಟೆ ಅಲ್ಲೇ ಕೂತು ಹೊರಡಿ.

ಪ್ರಶ್ನೆ: 42 ಡಿಗ್ರಿ ಕಂಡವ್ರು ನಾವು. ಮೈಸೂರಿನ ಬಿಸಿಲು ನಮಗೇನ್ ಮಾಡ್ತದ? (ಕಲಬುರಗಿ)

ಪ್ರಶ್ನೆ: ನಮ್ಮಲ್ಲಿ ಹತ್ತು ಹೆಜ್ಜೆ ನಡೆದರೆ ಅಂಗಿ ಒದ್ದೆ. ಮೈಸೂರಿನಲ್ಲಿ ಬೆವರುವುದೇ ಇಲ್ಲವಂತೆ. ಹಾಗಾದರೆ ನೀರು ಕಡಿಮೆ ಸಾಕಲ್ಲವೇ? (ಮಂಗಳೂರು)

ಉತ್ತರ: ಇಬ್ಬರಿಗೂ ಒಟ್ಟಿಗೇ ಹೇಳುತ್ತೇವೆ, ಇಬ್ಬರೂ ಒಂದೇ ಕಡೆ ಎಡವುವವರು. ಮೈಸೂರಿನ ಬೇಸಿಗೆಯಲ್ಲಿ ಬೆವರು ಬರುತ್ತದೆ, ಕಾಣುವುದಿಲ್ಲ. ಸೈಕಲ್ ಓಡುವಾಗ ಮೈಗೆ ತಾಗುವ ಒಣ ಗಾಳಿ ಅದನ್ನು ಅಲ್ಲಲ್ಲೇ ಹೀರುತ್ತದೆ. ಕರಾವಳಿಯವರು ಅಂಗಿ ಒದ್ದೆಯಾಗಿಲ್ಲವೆಂದು ನೀರು ಬಿಡುತ್ತಾರೆ. ಸಂಜೆಗೆ ತಲೆನೋವು, ಮೀನಖಂಡದಲ್ಲಿ ಸೆಳೆತ. ಕಲಬುರಗಿಯವರಿಗೆ ತಾಪಮಾನ ಹೆಚ್ಚಲ್ಲ ಅನಿಸಬಹುದು, ಆದರೆ ನಿಮ್ಮೂರಿನಲ್ಲಿ ಆ ಬಿಸಿಲಿಗೆ ನೀವು ಸೈಕಲ್ ತುಳಿಯುವುದಿಲ್ಲ, ಬಾಗಿಲು ಹಾಕಿಕೊಂಡು ಒಳಗಿರುತ್ತೀರಿ. ತುಳಿಯುವಾಗ ದೇಹ ತಾನೇ ಶಾಖ ಹುಟ್ಟಿಸುತ್ತದೆ. ಮೇಲೆ ಬಿಸಿಲು, ಕೆಳಗೆ ಕಾದ ಡಾಂಬರು.

ಇನ್ನೊಂದು ಮಾತು. ಏಪ್ರಿಲ್‌ನ ಮೂರು–ನಾಲ್ಕನೇ ವಾರದಲ್ಲಿ ನಡುಹಗಲ ಸೂರ್ಯ ಮೈಸೂರಿನ ನೆತ್ತಿಯ ಮೇಲೇ ಬರುತ್ತಾನೆ. 12.20ರ ಸುಮಾರಿಗೆ ನಿಮ್ಮ ನೆರಳು ನಿಮ್ಮ ಕಾಲಡಿಗೇ ಸೇರಿಬಿಡುತ್ತದೆ. ಬೆಳಿಗ್ಗೆ ತಂಪಾಗಿದ್ದ ರಸ್ತೆಯ ಬದಿಗೂ ಆಗ ಕಟ್ಟಡದ ನೆರಳಿಲ್ಲ. ಬೆಳಿಗ್ಗೆ ನೋಡಿದ ನೆರಳನ್ನು ನಂಬಿ ಮಧ್ಯಾಹ್ನದ ದಾರಿ ಗೊತ್ತುಮಾಡಬೇಡಿ.

ನೀರಿನ ಲೆಕ್ಕ: ಸವಾರಿಯಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬಾಯಾರುವವರೆಗೆ ಕಾಯದೆ ಕಾಲು ಗಂಟೆಗೊಮ್ಮೆ ನಾಲ್ಕು ಗುಟುಕು. ಎರಡು ಗಂಟೆ ದಾಟಿದರೆ ಬರೀ ನೀರು ಸಾಲದು, ಉಪ್ಪೂ ಬೇಕು. ಒಂದು ಲೀಟರ್ ನೀರಿಗೆ ಚಹಾ ಚಮಚದಲ್ಲಿ ಅರ್ಧ ಚಮಚ ಉಪ್ಪು, ಆರು ಚಮಚ ಸಕ್ಕರೆ, ಎರಡೂ ಚಮಚದ ಅಂಚಿಗೆ ಸಮ. ಉಪ್ಪು ಇದಕ್ಕಿಂತ ಹೆಚ್ಚಬಾರದು. ಇದಕ್ಕಿಂತ ರುಚಿಯಾದ ದಾರಿ ಉಪ್ಪು ಹಾಕಿದ ನೀರು ಮಜ್ಜಿಗೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಎಳನೀರಿನ ಜೊತೆ ಉಪ್ಪು ಹಚ್ಚಿದ ಸೌತೆಕಾಯಿ ತಿಂದರೆ ಲೆಕ್ಕ ಸರಿಹೋಗುತ್ತದೆ. ಕಬ್ಬಿನ ಹಾಲಿಗೆ ಐಸ್ ಬೇಡವೆನ್ನಿ, ಆ ಐಸು ಯಾವ ನೀರಿನದೋ.

ಮೂತ್ರ ಕಡುಹಳದಿಯಾದರೆ ನೀರು ಸಾಲದು ಎಂದರ್ಥ. ತಲೆಸುತ್ತು, ಓಕರಿಕೆ, ವಿಪರೀತ ಬೆವರು ಬಂದರೆ ನೆರಳಿಗೆ ಹೋಗಿ ಮಲಗಿ, ಕಾಲು ಸ್ವಲ್ಪ ಎತ್ತರಕ್ಕಿಡಿ, ಉಪ್ಪು–ಸಕ್ಕರೆ ನೀರು ಕುಡಿಯಿರಿ, ಆ ದಿನದ ಸವಾರಿ ಮುಗಿಸಿ. ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಾದರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯದೆ ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುನ್ನ ವೈದ್ಯರನ್ನು ಕೇಳಿ. ನೀರು–ಉಪ್ಪಿನ ಈ ಲೆಕ್ಕ ಅವರಿಗೆ ಹಾಗೇ ಒಪ್ಪುವುದಿಲ್ಲ.

ಪ್ರಶ್ನೆ: ಬಾಡಿಗೆ ಸೈಕಲ್ ತೆಗೆದುಕೊಳ್ಳುವಾಗ ಏನೇನು ನೋಡಬೇಕು? ಹೋದ ಸಲ ಬೇರೊಂದು ಊರಿನಲ್ಲಿ ಅರ್ಧ ದಾರಿಗೆ ಚೈನ್ ಬಿತ್ತು. (ತುಮಕೂರು)

ಉತ್ತರ: ಐದು ನಿಮಿಷದ ಕೆಲಸ. ಅಂಗಡಿಯವರು ಅವಸರ ಮಾಡಿದರೂ ಬಿಡಬೇಡಿ.

ಮೊದಲು ಬ್ರೇಕ್. ಎರಡು ಹಿಡಿಗಳನ್ನೂ ಗಟ್ಟಿಯಾಗಿ ಅದುಮಿ. ಹಿಡಿ ಹ್ಯಾಂಡಲ್ಲಿಗೆ ತಾಗಿದರೆ ಕೇಬಲ್ ಸಡಿಲ, ಬಿಗಿಮಾಡಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಮುಂದಕ್ಕೆ ತಳ್ಳಿ: ಹಿಂದಿನ ಚಕ್ರ ಮೇಲೇಳಬೇಕು. ಏಳದೆ ಇಡೀ ಸೈಕಲ್ ಜಾರಿಕೊಂಡು ಮುಂದೆ ಹೋದರೆ ಆ ಬ್ರೇಕ್ ಹೆಸರಿಗೆ ಮಾತ್ರ. ರಬ್ಬರ್ ಕಟ್ಟೆ ರಿಮ್ಮಿಗೆ ತಾಗುತ್ತಿದೆಯೋ ಟೈರಿಗೋ ಬಗ್ಗಿ ನೋಡಿ. ಟೈರಿಗೆ ತಾಗುತ್ತಿದ್ದರೆ ಒಂದು ಇಳಿಜಾರಿಗೆ ಟೈರಿನ ಪಕ್ಕ ಸವೆದು ಟ್ಯೂಬ್ ಹೊರಬರುತ್ತದೆ. ಹಾಗೇ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ–ಮುಂದೆ ಅಲುಗಿಸಿ, ಹ್ಯಾಂಡಲ್ ಬುಡದಲ್ಲಿ ‘ಟಕ್ ಟಕ್’ ಎಂದರೆ ಅಲ್ಲಿನ ಬೇರಿಂಗ್ ಸಡಿಲ.

ಚಕ್ರ ಎತ್ತಿ ತಿರುಗಿಸಿ. ಹಾವಿನಂತೆ ಹರಿದಾಡಿದರೆ ಕಡ್ಡಿ ಸಡಿಲವಾಗಿವೆ, ಬೇರೆ ಸೈಕಲ್ ಕೇಳಿ. ಟೈರಿನ ಮೇಲ್ಮೈಯಲ್ಲಿ ಬಟ್ಟೆಯ ನೂಲು ಕಂಡರೆ ಬೇಡವೇ ಬೇಡ. ಇನ್ನು ನಿಮ್ಮ ಚೈನ್. ಅದು ಬೀಳುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಗೇರಿಲ್ಲದ ಸೈಕಲ್ಲಿನಲ್ಲಿ ಚೈನ್ ಸಡಿಲ: ನಡುವೆ ಬೆರಳಿಟ್ಟು ಎತ್ತಿದರೆ ಅರ್ಧ ಇಂಚು ಏಳಬೇಕು, ಒಂದು ಇಂಚು ಎದ್ದರೆ ಹಿಂದಿನ ಚಕ್ರವನ್ನು ಹಿಂದಕ್ಕೆಳೆದು ನಟ್ ಬಿಗಿಸಬೇಕು. ಗೇರ್ ಸೈಕಲ್ಲಿನಲ್ಲಿ, ಏರಿನಲ್ಲಿ ಜೋರಾಗಿ ತುಳಿಯುತ್ತಲೇ ಗೇರ್ ಬದಲಿಸುವುದು. ಏರು ಬರುವ ಮೊದಲೇ, ಕಾಲಿನ ಭಾರ ಸಡಿಲಿಸಿ ಹಗುರ ಗೇರಿಗೆ ತನ್ನಿ.

ಸೀಟಿನ ಎತ್ತರ: ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ನೇರವಾಗಬೇಕು. ದಟ್ಟಣೆಯ ರಸ್ತೆ ಅಭ್ಯಾಸವಿಲ್ಲದವರು ಅದಕ್ಕಿಂತ ಒಂದು ಇಂಚು ತಗ್ಗಿಸಿಕೊಳ್ಳಿ, ನಿಂತಾಗ ಕಾಲಬೆರಳು ನೆಲಕ್ಕೆ ಎಟುಕುತ್ತದೆ. ಬೆಲ್ ಬಾರಿಸಿ ನೋಡಿ. ಮೊದಲೇ ಇದ್ದ ಗೀರು, ಸೊಟ್ಟಗಳ ಫೋಟೋ ತೆಗೆದಿಟ್ಟುಕೊಳ್ಳಿ, ಗುರುತಿನ ಚೀಟಿಯ ನಕಲು ಕೊಡಿ, ಮೂಲ ಕೊಡಬೇಡಿ. 2017ರಲ್ಲಿ ‘ಟ್ರಿಣ್ ಟ್ರಿಣ್’ ಹೆಸರಿನಲ್ಲಿ ಸಾರ್ವಜನಿಕ ಸೈಕಲ್ ವ್ಯವಸ್ಥೆ ಈ ಊರಿನಲ್ಲಿ ಶುರುವಾಯಿತು. ಇಂಥ ಯಾವುದೇ ನಿಲ್ದಾಣದ ಸೈಕಲ್ ನಂಬಿ ಯೋಜನೆ ಹಾಕುವ ಮುನ್ನ, ತೆಗೆದುಕೊಳ್ಳುವ ಜಾಗದಲ್ಲಿ ಸೈಕಲ್ ಇದೆಯೇ, ಹಿಂದಿರುಗಿಸುವ ಜಾಗದಲ್ಲಿ ಖಾಲಿ ಕೊಂಡಿ ಇದೆಯೇ, ಎರಡನ್ನೂ ವಿಚಾರಿಸಿ.

ಪ್ರಶ್ನೆ: ಬಿಸಿಲಿಗೆ ಟ್ಯೂಬ್ ಒಡೆಯುತ್ತದೆ, ಬೇಸಿಗೆಯಲ್ಲಿ ಗಾಳಿ ಕಡಿಮೆ ಹಾಕಿಸಿ ಎನ್ನುತ್ತಾರೆ. ನಿಜವೇ? (ಹಾಸನ)

ಉತ್ತರ: ಒಳಗಿನ ಗಾಳಿ 20 ಡಿಗ್ರಿ ಹೆಚ್ಚು ಕಾದರೂ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದು 54–55 ಆಗುತ್ತದೆ, ಅಷ್ಟೇ. ಗಟ್ಟಿ ಟೈರಿಗೆ ಅದು ಲೆಕ್ಕವೇ ಅಲ್ಲ. ಬೇಸಿಗೆಯಲ್ಲಿ ಟ್ಯೂಬ್ ಕೈಕೊಡಲು ಬೇರೆ ಕಾರಣಗಳಿವೆ. ಹಳೆಯ ಪಂಚರ್ ತೇಪೆಯ ಸಲ್ಯೂಷನ್ ಬಿಸಿಗೆ ಮೆತ್ತಗಾಗಿ ತೇಪೆಯ ಅಂಚು ಏಳುತ್ತದೆ. ರಿಮ್ಮಿನೊಳಗಿನ ಪಟ್ಟಿ ಸರಿದು ಕಡ್ಡಿಯ ತಲೆ ಟ್ಯೂಬಿಗೆ ಚುಚ್ಚುತ್ತದೆ. ಟೈರಿನ ಪಕ್ಕ ಬಿರುಕು ಬಿಟ್ಟಿರುತ್ತದೆ. ಪೆಟ್ರೋಲ್ ಬಂಕಿನ ಗಾಳಿಯಲ್ಲಿ ಸೈಕಲ್ ಟ್ಯೂಬ್ ಕ್ಷಣದಲ್ಲಿ ಮಿತಿ ಮೀರಿ ತುಂಬುತ್ತದೆ, ಏಕೆಂದರೆ ಅದರಲ್ಲಿ ಹಿಡಿಯುವ ಗಾಳಿಯೇ ಸ್ವಲ್ಪ. ಇವೆಲ್ಲದರ ಆರೋಪ ಬಿಸಿಲಿನ ಮೇಲೆ.

ಗಾಳಿ ಕಡಿಮೆ ಹಾಕಿಸಿದರೆ ಆಗುವ ತೊಂದರೆಯೇ ಹೆಚ್ಚು. ಹಳ್ಳಕ್ಕೋ ಉಬ್ಬಿಗೋ ಬಿದ್ದಾಗ ಟ್ಯೂಬ್ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಪಂಚರ್ ತೆಗೆದಾಗ ಪಕ್ಕಪಕ್ಕ ಎರಡು ತೂತು ಕಂಡರೆ ಕಾರಣ ಇದೇ. ದಪ್ಪ ಟೈರಿನ 26 ಇಂಚಿನ ಸೈಕಲ್ಲಿಗೆ 40–50, ತೆಳು ಟೈರಿನ ಹೈಬ್ರಿಡ್ ಸೈಕಲ್ಲಿಗೆ 55–65 ಪಿಎಸ್‌ಐ ಸಾಕು. ಟೈರಿನ ಪಕ್ಕದಲ್ಲೇ ಅದರ ಮಿತಿ ಅಚ್ಚಾಗಿರುತ್ತದೆ, ಅದನ್ನು ಮೀರಬೇಡಿ. ಮಧ್ಯಾಹ್ನ ನಿಲ್ಲಿಸುವಾಗ ನೆರಳಲ್ಲಿ ನಿಲ್ಲಿಸಿ, ತೇಪೆ ಉಳಿಯುತ್ತದೆ.

ಹಳೇ ಮಾದರಿಯ ಕಪ್ಪು ಸೈಕಲ್ ಆಗಿದ್ದರೆ ಇನ್ನೊಂದು. ಪಂಚರ್ ಆಗಿರುವುದಿಲ್ಲ, ಆದರೂ ಒಂದೇ ಗಂಟೆಯಲ್ಲಿ ಗಾಳಿ ಇಳಿಯುತ್ತದೆ. ವಾಲ್‌ ಬಾಯಿಗೆ ಎಂಜಲು ಹಚ್ಚಿ ನೋಡಿ, ಗುಳ್ಳೆ ಬಂದರೆ ಒಳಗಿನ ಪುಟ್ಟ ರಬ್ಬರ್ ಕೊಳವೆ, ಅಂದರೆ ವಾಲ್‌ಟ್ಯೂಬ್, ಒಣಗಿ ಸೀಳಿದೆ. ಯಾವ ಪಂಚರ್ ಅಂಗಡಿಯಲ್ಲೂ ಸಿಗುತ್ತದೆ, ಎರಡು ನಿಮಿಷದಲ್ಲಿ ಬದಲಾಗುತ್ತದೆ. ಇದು ಗೊತ್ತಿಲ್ಲದೆ ಹೊಸ ಟ್ಯೂಬಿಗೇ ದುಡ್ಡು ಕೊಟ್ಟವರುಂಟು.

ಪ್ರಶ್ನೆ: ಮೈಸೂರಾಗ ಎಲ್ಲಿ ನೋಡಿದ್ರೂ ಸರ್ಕಲ್ ಅದಾವಂತ. ಸೈಕಲ್ ಮ್ಯಾಲ ಹೆಂಗ ದಾಟೂದು? ಬಸ್ಸಿನ ಹಾರ್ನ್ ಕೇಳಿದ್ರ ಕೈಕಾಲು ನಡಗತಾವ್ರಿ. (ಹುಬ್ಬಳ್ಳಿ)

ಉತ್ತರ: ಹೆದರಿದವರು ಮಾಡುವ ತಪ್ಪು ಒಂದೇ: ರಸ್ತೆಯ ಎಡ ಅಂಚಿಗೆ ಅಂಟಿಕೊಳ್ಳುವುದು. ಸರ್ಕಲ್ ಬಳಿ ಅದೇ ಅತಿ ಅಪಾಯದ ಜಾಗ. ನೀವು ನೇರ ಹೋಗಬೇಕು, ಪಕ್ಕದ ಬಸ್ಸು ಎಡಕ್ಕೆ ತಿರುಗಬೇಕು. ಬಸ್ಸಿನ ಮುಂಭಾಗ ನಿಮ್ಮನ್ನು ದಾಟುತ್ತದೆ, ಹಿಂಭಾಗ ನಿಮ್ಮ ಮೇಲೆಯೇ ಬರುತ್ತದೆ. ಚಾಲಕನಿಗೆ ನೀವು ಕಾಣುವುದೂ ಇಲ್ಲ. ಆದ್ದರಿಂದ ಸರ್ಕಲ್ಲಿಗೆ 20–30 ಮೀಟರ್ ಇರುವಾಗಲೇ ಹಿಂತಿರುಗಿ ನೋಡಿ, ಬಲಗೈ ಚಾಚಿ, ಎಡ ಪಥದ ನಡುವಿಗೆ ಬನ್ನಿ. ಬಲದಿಂದ ಸುತ್ತಿ ಬರುವ ವಾಹನಗಳಿಗೆ ದಾರಿ ಬಿಟ್ಟು, ಸಿಕ್ಕ ಖಾಲಿಯಲ್ಲಿ ಅಳುಕದೆ ನುಗ್ಗಿ, ಹೊರಬೀಳುವ ರಸ್ತೆಗೆ ಮೊದಲೇ ಎಡಗೈ ತೋರಿಸಿ. ನಡುವೆ ನಿಂತುಬಿಡುವುದು ಮಾತ್ರ ಬೇಡ. ಹಿಂದಿನವರು ನಿಮ್ಮ ಓಟ ನೋಡಿಯೇ ಲೆಕ್ಕ ಹಾಕಿರುತ್ತಾರೆ.

ಅಷ್ಟು ಧೈರ್ಯ ಬೇಡವೆಂದರೆ ಇಳಿದು ತಳ್ಳಿಕೊಂಡು ಕಾಲುದಾರಿಯ ಪಟ್ಟೆಯಲ್ಲಿ ದಾಟಿರಿ. ಕೆ.ಆರ್. ಸರ್ಕಲ್, ಸಬರ್ಬನ್ ಬಸ್ ನಿಲ್ದಾಣದ ಸುತ್ತಮುತ್ತ ಬೆಳಿಗ್ಗೆ 9ರ ನಂತರ ನಾವು ಹೇಳುವುದೂ ಅದನ್ನೇ. ನಿಲ್ದಾಣದಿಂದ ಹೊರಬರುವ ಬಸ್ಸನ್ನು ಎಡದಿಂದ ದಾಟುವ ಸಾಹಸ ಯಾವ ಹೊತ್ತಿಗೂ ಬೇಡ. ದೇವರಾಜ ಅರಸು ರಸ್ತೆಯಂಥ ಅಂಗಡಿ ಬೀದಿಯಲ್ಲಿ ನಿಂತ ಕಾರುಗಳಿಂದ ಒಂದು ಮೀಟರ್ ದೂರವಿರಿ, ಯಾವ ಬಾಗಿಲು ಯಾವಾಗ ತೆರೆಯುತ್ತದೋ. ಟಾಂಗಾ ಕಂಡರೆ ಕುದುರೆಯ ಹಿಂದೆ ಹೋಗಿ ಬೆಲ್ ಬಾರಿಸಬೇಡಿ. ಅಗಲವಾಗಿ ಬಲಕ್ಕೆ ಸರಿದು, ಅದರ ಕಣ್ಣಿಗೆ ಬೀಳುವಂತೆ ದಾಟಿ.

ಅಮೆರಿಕ, ಯೂರೋಪಿನಿಂದ ರಜೆಗೆ ಬಂದ ಮಕ್ಕಳು–ಮೊಮ್ಮಕ್ಕಳು ಜೊತೆಗಿದ್ದರೆ ಒಂದು ಎಚ್ಚರಿಕೆ. ಅಲ್ಲಿ ಹೆಚ್ಚಾಗಿ ಎಡಗೈ ಹಿಡಿಯೇ ಮುಂದಿನ ಬ್ರೇಕ್, ನಮ್ಮಲ್ಲಿ ಬಲಗೈಯದು. ಗಾಬರಿಯಲ್ಲಿ ಕೈ ಹಳೆಯ ಅಭ್ಯಾಸಕ್ಕೇ ಹೋಗುತ್ತದೆ, ಹಿಂದಿನದೆಂದು ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲಿಂದ ಬೀಳುತ್ತಾರೆ. ಖಾಲಿ ಬೀದಿಯಲ್ಲಿ ಹತ್ತು ಸಲ ನಿಲ್ಲಿಸಿ ಅಭ್ಯಾಸ ಮಾಡಿಸಿ. ಬಲಕ್ಕೆ ತಿರುಗಿದ ಮೇಲೆ ತಪ್ಪು ಬದಿಗೆ ಸೇರಿಕೊಳ್ಳುವುದೂ ಅವರಿಗೆ ಸಾಮಾನ್ಯ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ, ನಮ್ಮ ಬೀದಿಯಲ್ಲಿ ಚೆನ್ನಾಗಿ ಓಡಿಸುತ್ತಾಳೆ. ಅವಳ ಸೈಕಲ್ಲನ್ನೇ ಕಾರಿನಲ್ಲಿ ತರಬಹುದೇ? ನಾನು ಚೂಡಿದಾರ್ ಹಾಕಿಯೇ ಓಡಿಸುವವಳು, ತೊಂದರೆಯಾಗುತ್ತದೆಯೇ? (ಮಂಡ್ಯ)

ಉತ್ತರ: ತನ್ನಿ. ಅಭ್ಯಾಸವಾದ ಸೈಕಲ್ಲೇ ಅವಳಿಗೆ ಸುರಕ್ಷಿತ. ಆದರೆ ಸಯ್ಯಾಜಿರಾವ್ ರಸ್ತೆಗೂ ಕೆ.ಆರ್. ಸರ್ಕಲ್ಲಿಗೂ ಕರೆದೊಯ್ಯಬೇಡಿ. ಮಾನಸಗಂಗೋತ್ರಿಯ ಒಳರಸ್ತೆಗಳು, ಬೆಳಿಗ್ಗೆ 6ರಿಂದ 7.30ರವರೆಗೆ ಲಲಿತಮಹಲ್ ಕಡೆಯ ರಸ್ತೆ, ಇಷ್ಟು ಸಾಕು. ಕುಕ್ಕರಹಳ್ಳಿ ಕೆರೆಯ ಏರಿ ನಡೆಯುವವರದು, ಅಲ್ಲಿ ಸೈಕಲ್ ಗೇಟಿನ ಹೊರಗೆ. ಮಗು ಮುಂದೆ, ನೀವು ಹಿಂದೆ, ಅವಳಿಗಿಂತ ಅರ್ಧ ಮೀಟರ್ ಬಲಕ್ಕೆ. ಹಿಂದಿನಿಂದ ಬರುವ ವಾಹನ ನಿಮ್ಮನ್ನು ತಪ್ಪಿಸಿದರೆ ಅವಳನ್ನೂ ತಪ್ಪಿಸಿದಂತೆ. ‘ನಿಲ್ಲು’, ‘ಎಡಕ್ಕೆ’ ಎಂಬ ಎರಡೇ ಮಾತು ಗೊತ್ತುಮಾಡಿಕೊಳ್ಳಿ. ಉದ್ದ ಮಾತು ಅವಳಿಗೆ ಕೇಳಿಸದು, ಕೇಳಲು ತಿರುಗಿದರೆ ಸೈಕಲ್ಲೂ ತಿರುಗುತ್ತದೆ. ಮಕ್ಕಳು ದಣಿವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸೊಟ್ಟಪಟ್ಟ ಓಡಿಸತೊಡಗುತ್ತಾರೆ. ಅದು ಕಂಡ ಕೂಡಲೇ ಇಳಿಸಿ.

ಚೂಡಿದಾರಿಗೆ ಅಡ್ಡಿಯಿಲ್ಲ, ಚೈನಿಗೆ ಪೂರ್ತಿ ಕವರ್ ಇರುವ ಸೈಕಲ್ ಆರಿಸಿ. ಕವರ್ ಇಲ್ಲದಿದ್ದರೆ ಬಲಗಾಲಿನ ಪ್ಯಾಂಟಿನ ತುದಿಗೆ ಅಗಲ ರಬ್ಬರ್ ಬ್ಯಾಂಡ್ ಹಾಕಿ. ವೇಲ್ ಮಾತ್ರ ಹಿಂದೆ ಇಳಿಬಿಡಲೇಬಾರದು. ಹಿಂದಿನ ಚಕ್ರಕ್ಕೆ ಸಿಕ್ಕರೆ ಕತ್ತನ್ನೇ ಎಳೆಯುತ್ತದೆ. ಎದೆಯ ಮೇಲಿಂದ ಅಡ್ಡಲಾಗಿ ತಂದು ಸೊಂಟದಲ್ಲಿ ಗಂಟು ಹಾಕಿ, ಅಥವಾ ಮಡಿಸಿ ಚೀಲದಲ್ಲಿಡಿ.

ಪ್ರಶ್ನೆ: ಗೇರ್ ಸೈಕಲ್ ಬಾಡಿಗೆಗೆ ಸಿಕ್ಕರೆ ಚಾಮುಂಡಿ ಬೆಟ್ಟ ಹತ್ತಬಹುದೇ? ಇಳಿಯುವಾಗ ಬ್ರೇಕ್ ನಿಲ್ಲುತ್ತದೆಯೇ? (ದಾವಣಗೆರೆ)

ಉತ್ತರ: ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,050 ಮೀಟರ್, ಊರಿಗಿಂತ ಹತ್ತಿರಹತ್ತಿರ 300 ಮೀಟರ್ ಮೇಲೆ. ವಾರಕ್ಕೆ ಮೂರು ದಿನವಾದರೂ ಸೈಕಲ್ ತುಳಿಯುವವರಿಗೆ ಕಷ್ಟವಲ್ಲ. ವರ್ಷಕ್ಕೊಮ್ಮೆ ತುಳಿಯುವವರು ಬಸ್ಸಿನಲ್ಲಿ ಹೋಗಿ. ಹತ್ತುವುದಾದರೆ ಬುಡದಲ್ಲಿ 6 ಗಂಟೆಗೆ ಇರಿ. ಮೊದಲ ತಿರುವಿನಿಂದಲೇ ಹಗುರ ಗೇರ್; ಮಾತಾಡಲು ಉಸಿರು ಉಳಿಯುವಷ್ಟೇ ಜೋರು. ನೀರು ಇಬ್ಬರಿಗೆ ಎರಡು ಲೀಟರ್. ತಿಂಡಿಯನ್ನು ಮುಂದಿನ ಬುಟ್ಟಿಯಲ್ಲಿ ಕಾಣುವಂತೆ ಇಡಬೇಡಿ, ಕೋತಿಗಳು ಅದಕ್ಕೆ ನಿಮ್ಮನ್ನು ಕೇಳುವುದಿಲ್ಲ. ದಾರಿಯಲ್ಲಿ ಕವಲೊಡೆದು ನಂದಿಯ ಬಳಿ ಹೋಗಬಹುದು. 17ನೇ ಶತಮಾನದಲ್ಲಿ, ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಬೆಟ್ಟದ ಬಂಡೆಯಲ್ಲೇ ಕಡೆದ ನಂದಿ ಅದು.

ಅಪಾಯವಿರುವುದು ಇಳಿಯುವಾಗ. ಬ್ರೇಕನ್ನು ತಳದವರೆಗೆ ಹಿಡಿದೇ ಇಳಿದರೆ ರಬ್ಬರ್ ಕಾದು ಅದರ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ಮತ್ತೆ ಹಿಡಿಯುವುದಿಲ್ಲ. ರಿಮ್ಮೂ ಕಾಯುತ್ತದೆ, ಆ ಬಿಸಿ ಟ್ಯೂಬಿಗೆ. ಸರಿಯಾದ ಕ್ರಮ ಹೀಗೆ: ತಿರುವಿಗೆ ಮೊದಲೇ, ನೇರ ದಾರಿಯಲ್ಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಪೂರ್ತಿ ಬಿಡಿ, ತಿರುವು ದಾಟಿ, ಮತ್ತೆ ಹಿಡಿಯಿರಿ. ತಿರುವಿನೊಳಗೆ ಹಿಂದಿನ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ. ಸೀಟಿನ ಹಿಂಬದಿಗೆ ಸರಿದು ಕೂತು, ಒಳಬದಿಯ ಪೆಡಲ್ ಮೇಲಿರಲಿ. ನಡುವೆ ಎರಡು ಸಲ ನಿಂತು ರಿಮ್ ಆರಲು ಬಿಡಿ. ಮುಟ್ಟಿ ನೋಡಬೇಡಿ, ಬೆರಳು ಸುಟ್ಟೀತು. ಕಬ್ಬಿಣದ ರಿಮ್ಮಿನ ಬಾಡಿಗೆ ಸೈಕಲ್ ಆಗಿದ್ದರೆ ಬೆಟ್ಟಕ್ಕೆ ಒಯ್ಯಲೇಬೇಡಿ. ಒಂದು ಮಳೆಹನಿ ಬಿದ್ದರೂ ಅದರ ಬ್ರೇಕ್ ಅರ್ಧಕ್ಕಿಳಿಯುತ್ತದೆ.

ಪ್ರಶ್ನೆ: ಮೇ ಮೊದಲ ವಾರ ಬರುತ್ತೇವೆ. ಆಗ ಮಳೆಯ ಕಾಟವಿರುತ್ತದೆಯೇ? (ಚಿತ್ರದುರ್ಗ)

ಉತ್ತರ: ಅದು ಭರಣಿ ಮಳೆಯ ಕಾಲ. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಎನ್ನುವ ರೈತರಿಗೆ ಅದು ಹಬ್ಬ, ಸೈಕಲ್ಲಿನವರಿಗೆ ಅಲ್ಲ. ಬೆಳಿಗ್ಗೆ ಅಚ್ಚ ನೀಲಿ ಆಕಾಶ, 4ರ ನಂತರ ಧೂಳೆಬ್ಬಿಸುವ ಗಾಳಿ, ಗುಡುಗು, ಅರ್ಧ ಗಂಟೆಯ ಜಡಿಮಳೆ. ಹಾಗಾಗಿ ಮುಖ್ಯವಾದದ್ದನ್ನೆಲ್ಲ ಬೆಳಗಿನ ಸುತ್ತಿಗೇ ಹಾಕಿಕೊಳ್ಳಿ, ಸಂಜೆಯದನ್ನು ಕೈಬಿಟ್ಟರೂ ನಷ್ಟವಾಗಬಾರದು. ಮೈಸೂರಿನ ಹಳೆಯ ಸಾಲುಮರಗಳ ಕೊಂಬೆಗಳು ಮುರಿದು ಬೀಳುವುದು ಈ ಗಾಳಿಗೇ. ಗಾಳಿ ಎದ್ದ ಕೂಡಲೇ ಮರ ಬಿಟ್ಟು ಕಟ್ಟಡ ಹುಡುಕಿ. ಮೊದಲ ಹತ್ತು–ಹದಿನೈದು ನಿಮಿಷ ರಸ್ತೆ ಅತಿ ಹೆಚ್ಚು ಜಾರುತ್ತದೆ: ತಿಂಗಳುಗಟ್ಟಲೆ ಕೂತ ಧೂಳು, ಎಣ್ಣೆ ನೀರಿನೊಡನೆ ಕಲಸಿ ಲೋಳೆಯಾಗುತ್ತದೆ. ಜೋರು ಮಳೆ ಅದನ್ನು ತೊಳೆದ ಮೇಲೆ ಹೊರಡಿ. ರಸ್ತೆಯ ಬಿಳಿ ಪಟ್ಟೆ, ಚರಂಡಿಯ ಕಬ್ಬಿಣದ ಮುಚ್ಚಳ ಇವುಗಳ ಮೇಲೆ ಬ್ರೇಕನ್ನೂ ಹಿಡಿಯಬೇಡಿ, ಹ್ಯಾಂಡಲನ್ನೂ ತಿರುಗಿಸಬೇಡಿ. ನೀರು ನಿಂತ ಕಡೆ ಹಳ್ಳ ಎಷ್ಟು ಆಳವೋ ಗೊತ್ತಾಗದು, ಸುತ್ತಿ ಹೋಗಿ.

ಪ್ರಶ್ನೆ: ಶ್ರೀರಂಗಪಟ್ಟಣವನ್ನೂ ಸೇರಿಸಿಕೊಳ್ಳಬಹುದೇ? ಹೊಸ ಹೆದ್ದಾರಿಯಲ್ಲಿ ಬೇಗ ತಲುಪಬಹುದಲ್ಲ. (ಕೋಲಾರ)

ಉತ್ತರ: ಹೆದ್ದಾರಿಯ ಮುಖ್ಯ ಪಥಕ್ಕೆ ಸೈಕಲ್ ಹತ್ತಿಸುವಂತಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲಿಗೂ ನಿಷೇಧವಿದೆ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ದೂರ ಒಂದು ಕಡೆಗೆ ಸುಮಾರು 15 ಕಿಲೋಮೀಟರ್, ನೆರಳು ಕಡಿಮೆ. ಇದಕ್ಕೆ ಬೇರೆಯೇ ದಿನ ಇಡಿ. 6ಕ್ಕೆ ಹೊರಟರೆ 7.30ಕ್ಕೆ ಕೋಟೆಯೊಳಗೆ. ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ ಎಲ್ಲವೂ ಸಮತಟ್ಟಾದ ದ್ವೀಪದ ಮೇಲೆ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ, ಸೈಕಲ್ಲಿಗೆ ಹೇಳಿ ಮಾಡಿಸಿದ ಜಾಗ. ಸೆಖೆಗೆ ಸೋತು ಸಂಗಮದಲ್ಲಿ ಇಳಿಯುವ ಮನಸ್ಸಾಗುತ್ತದೆ, ಆದರೆ ಸೆಳೆತವೂ ಮಡುವೂ ಮೇಲಿನಿಂದ ಕಾಣುವುದಿಲ್ಲ. ದಡದಲ್ಲೇ ಕಾಲು ನೆನೆಸಿ ಬನ್ನಿ. ಹಿಂದಿರುಗುವ 15 ಕಿಲೋಮೀಟರ್ ಬಿಸಿಲಿಗೆ ಸಿಗುವುದರಿಂದ 9.30ರೊಳಗೆ ಅಲ್ಲಿಂದ ಹೊರಡಲೇಬೇಕು. ಅದು ಆಗದೆಂದು ಕಂಡರೆ ಸಂಜೆ 4.30ರವರೆಗೆ ಅಲ್ಲೇ ಉಳಿಯಿರಿ.

ಪ್ರಶ್ನೆ: ಸೈಕಲ್ ಹೊರಗೆ ಬಿಟ್ಟು ಒಳಗೆ ಸುತ್ತುವಾಗ ಯಾವ ಬೀಗ ಹಾಕಬೇಕು? (ಚಾಮರಾಜನಗರ)

ಉತ್ತರ: ಹಿಂದಿನ ಚಕ್ರಕ್ಕೆ ಅಂಟಿಕೊಂಡೇ ಇರುವ ಉಂಗುರದ ಬೀಗ ಚಕ್ರ ತಿರುಗದಂತೆ ಮಾಡುತ್ತದೆ ಅಷ್ಟೇ, ಹೊತ್ತೊಯ್ಯುವವರನ್ನು ತಡೆಯುವುದಿಲ್ಲ. ಚೌಕಟ್ಟು, ಹಿಂದಿನ ಚಕ್ರ, ನೆಲಕ್ಕೆ ಊರಿದ ಕಂಬ ಮೂರನ್ನೂ ಸೇರಿಸಿ ಇನ್ನೊಂದು ಬೀಗ ಹಾಕಿ. ತೆಳು ತಂತಿಯ ಬೀಗ ಕ್ಷಣದಲ್ಲಿ ತುಂಡಾಗುತ್ತದೆ. ‘ಯು’ ಆಕಾರದ್ದು ಒಳ್ಳೆಯದು. ವಿದ್ಯುತ್ ಕಂಬಕ್ಕೆ ಕಟ್ಟಬೇಡಿ. ಕಳಚಬಹುದಾದ ದೀಪ, ನೀರಿನ ಬಾಟಲಿ ಕೈಯಲ್ಲೇ ಇರಲಿ.

ಪ್ರಶ್ನೆ: ಟೋಪಿಯ ಮೇಲೆ ಹೆಲ್ಮೆಟ್ ಹಾಕಬಹುದೇ? (ಕೊಡಗು)

ಉತ್ತರ: ದಪ್ಪ ಟೋಪಿ ಬೇಡ, ಹೆಲ್ಮೆಟ್ ಮೇಲೆದ್ದು ಬಿದ್ದಾಗ ಹಿಂದಕ್ಕೆ ಜಾರುತ್ತದೆ. ತೆಳುವಾದ ಹತ್ತಿಯ ಕರವಸ್ತ್ರವನ್ನು ಒದ್ದೆ ಮಾಡಿ ಹಿಂಡಿ ಒಳಗೆ ಹಾಕಿಕೊಳ್ಳಿ, ಒಂದು ತುದಿ ಕತ್ತಿನ ಮೇಲೆ ಇಳಿಬಿದ್ದಿರಲಿ. ಕಾನೂನು ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯ ಮಾಡಿಲ್ಲವೆಂದು ಬಿಡಬೇಡಿ. ಗಾಳಿ ಕಿಂಡಿಗಳಿರುವ ಸೈಕಲ್ ಹೆಲ್ಮೆಟ್ಟೇ ತನ್ನಿ, ಬೈಕಿನದು ಈ ಬಿಸಿಲಿಗೆ ತಲೆಯನ್ನು ಬೇಯಿಸುತ್ತದೆ. ಪಟ್ಟಿಗೂ ಗಲ್ಲಕ್ಕೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗವಿರಲಿ.